ಊರಬಾಗಿಲಿನ ಚಲ್ಲಣ

ವೀರಕಥೆಯನ್ನು ಕೇಳುವುದರಲ್ಲಿ ಮನುಷ್ಯನಿಗೆ ಎಂದಿಗೂ ತೃಪ್ತಿಯೆಂಬುದಿಲ್ಲ. ಅಜ್ಜಿಯ ಮಡಿಲಿನಲ್ಲಿ ಭೀಮ ಬಕಾಸುರರ ಕಾಳಗವನ್ನು ಕೇಳಿ ಬೆಳೆದ ಮಗುವೇ ಮುಂದೆ ಹರಿಕಥೆಯ ಮಂಟಪದಲ್ಲಿಯೂ, ಬಯಲಾಟದ ದೀವಟಿಗೆಯ ಬೆಳಕಿನಲ್ಲಿಯೂ, ಕಂಪನಿ ನಾಟಕದ ಡೇರೆಯಲ್ಲಿಯೂ ಅದೇ ಕಾಳಗವನ್ನು ಹುಡುಕಿಕೊಂಡು ಹೋಗುವುದು. 1934ರಲ್ಲಿ ‘ಸತಿ ಸುಲೋಚನಾ’ದಿಂದ ಕನ್ನಡದ ವಾಕ್ಚಿತ್ರಗಳು ಮೊದಲಾದ ಮೇಲೆ ಆ ಹಸಿವೆಗೆ ಇನ್ನೊಂದು ಎಡೆ ದೊರೆಯಿತು. ಆದರೂ ಓದುಬರಹ ಬಲ್ಲ ಮನೆಗಳಲ್ಲಿ ಕಾಳಗದ ಚಿತ್ರವೆಂದರೆ ಒಂದು ಬಗೆಯ ಸಂಕೋಚವುಂಟು. ಸಂಸಾರದ ಕಥೆಯನ್ನೋ ಭಕ್ತಿಯ ಕಥೆಯನ್ನೋ ಮೆಚ್ಚಿದೆನೆಂದು ನಾಲ್ವರೆದುರಿಗೆ ಹೇಳುವವರು, ಕುಸ್ತಿ ಕತ್ತಿವರಸೆಗಳ ಚಿತ್ರವನ್ನು ಮೆಚ್ಚಿದ್ದರೆ ಅದನ್ನು ಮೆಲ್ಲಗೆ ಹೇಳುವರು. ಈ ಸಂಕೋಚವು ಯುಕ್ತವೇ ಎಂಬುದನ್ನು ಒಂದು ಚಿತ್ರವನ್ನು ಮುಂದಿಟ್ಟುಕೊಂಡು ವಿಚಾರಿಸಬಹುದಾಗಿದೆ. ಆ ಚಿತ್ರವು 1960ರಲ್ಲಿ ತೆರೆಕಂಡ ‘ರಣಧೀರ ಕಂಠೀರವ’.

ಈ ಚಿತ್ರವನ್ನು ಕವಲಂದೆಯ ಸೀಮೆಯವರು ಮೆಚ್ಚುವುದಕ್ಕೆ ಒಂದು ವಿಶೇಷ ಕಾರಣವಿದೆ. ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗುವ ರೈಲು ಕವಲಂದೆಯ ನಿಲ್ದಾಣವನ್ನು ದಾಟಿ ತೆಂಕಣಕ್ಕೆ ಸಾಗುವುದು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿರುವುದು ತೆರಕಣಾಂಬಿ. ಕಥಾನಾಯಕರಾದ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ವಾಸವಾಗಿದ್ದುದು ಆ ತೆರಕಣಾಂಬಿಯಲ್ಲಿಯೇ. ಅವರ ಪಾತ್ರವನ್ನು ಧರಿಸಿದ ರಾಜಕುಮಾರರು 1929ರಲ್ಲಿ ಹುಟ್ಟಿದ ಗಾಜನೂರು ಈಗ ತಮಿಳುನಾಡಿಗೆ ಸೇರಿದ ತಾಳವಾಡಿಯ ನೆರೆಯಲ್ಲಿದ್ದರೂ ನುಡಿಯಿಂದಲೂ ನಂಟಿನಿಂದಲೂ ಚಾಮರಾಜನಗರದ ಸೀಮೆಯದೇ ಆಗಿದೆ. ಚಿತ್ರದ ಸಂಭಾಷಣೆಯನ್ನು ಬರೆದ ಜಿ. ವಿ. ಅಯ್ಯರ್ ಅವರು 1917ರಲ್ಲಿ ಹುಟ್ಟಿದ್ದು ನಂಜನಗೂಡಿನಲ್ಲಿ. ಅರಸು, ನಟ, ಬರಹಗಾರ ಈ ಮೂವರನ್ನೂ ಕೊಟ್ಟ ನೆಲದ ನಡುವೆ ಕವಲಂದೆಯಿದೆ. ತನ್ನ ಹೊಲದಲ್ಲಿ ಬೆಳೆದ ಭತ್ತದ ಅನ್ನಕ್ಕೆ ರುಚಿ ಹೆಚ್ಚು ಎಂಬಂತೆ, ಈ ಚಿತ್ರವು ಇಲ್ಲಿಯವರಿಗೆ ಹೆಚ್ಚು ರುಚಿಸಿದರೆ ಆಶ್ಚರ್ಯವೇನು?

ಇನ್ನು ಕಥೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಮೈಸೂರಿನ ರಾಜ್ಯಕ್ಕೆ ನೆಲೆ ಕೊಟ್ಟರಷ್ಟೆ. ಅವರ ತಮ್ಮಂದಿರಾದ ಬೆಟ್ಟದ ಚಾಮರಾಜ ಒಡೆಯರ ಮಗನೇ ಕಂಠೀರವ. ಆ ಯುವಕನು ತೆರಕಣಾಂಬಿಯಲ್ಲಿದ್ದಾಗ ಒಂದು ಸುದ್ದಿ ಅವನ ಕಿವಿಗೆ ಬಿದ್ದಿತು. ತಿರುಚಿರಾಪಳ್ಳಿಯ ಆಸ್ಥಾನದಲ್ಲಿ ಪ್ರಸಿದ್ಧನಾದ ಒಬ್ಬ ಜಟ್ಟಿಯು ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿರುವನು. ಬಂದವರೆಲ್ಲರೂ ಅದರ ಅಡಿಯಲ್ಲಿ ನುಸುಳಿ ಹೋಗಬೇಕು, ಇಲ್ಲವೆ ಅವನೊಡನೆ ಸೆಣಸಬೇಕು. ಸೆಣಸಿ ಗೆದ್ದವರು ಯಾರೂ ಇಲ್ಲ. ಇದನ್ನು ಕೇಳಿದ ರಾಜಪುತ್ರನು ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ, ಚಲ್ಲಣದ ಅಡಿಯಲ್ಲಿ ನಡೆಯಲೊಪ್ಪದೆ, ಜಟ್ಟಿಯನ್ನು ಇದಿರಿಸಿ ಗೆದ್ದು, ಸನ್ಮಾನಕ್ಕೆ ಕಾಯದೆ ಬಂದ ದಾರಿಯಲ್ಲಿಯೇ ಹಿಂದಿರುಗಿದನೆಂದು ಐತಿಹ್ಯ. ಇತ್ತ ಶ್ರೀರಂಗಪಟ್ಟಣದಲ್ಲಿ ಇಮ್ಮಡಿ ರಾಜ ಒಡೆಯರು ಒಂದೆರಡು ವರುಷದೊಳಗೆ ದಳವಾಯಿ ವಿಕ್ರಮರಾಯನ ಕುತಂತ್ರಕ್ಕೆ ಸಿಲುಕಿ ವಿಷದಿಂದ ಮಡಿದರೆಂದು ಇತಿಹಾಸಕಾರರು ಬರೆದಿರುವರು. 1638ರಲ್ಲಿ ಕಂಠೀರವರು ಸಿಂಹಾಸನವನ್ನೇರಿದರು. ದಳವಾಯಿಗೆ ತಕ್ಕ ಶಾಸ್ತಿಯಾಯಿತು. ಮುಂದಿನ ವರುಷವೇ ಬಿಜಾಪುರದ ರಣದುಲ್ಲಾಖಾನನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು, ಅವನನ್ನು ಹಿಮ್ಮೆಟ್ಟಿಸಿದರು. ಟಂಕಸಾಲೆಯನ್ನು ತೆರೆದು, ಮುಂದೆ ಬಹುಕಾಲ ನಡೆದ ಕಂಠೀರಾಯ ಹಣವನ್ನು ಅಚ್ಚುಹಾಕಿಸಿ, 1659ರವರೆಗೆ ಆಳಿದರು. ಶ್ರೀರಂಗಪಟ್ಟಣದ ನರಸಿಂಹಸ್ವಾಮಿಯ ಗುಡಿಯಲ್ಲಿ ಅವರ ಶಿಲಾಮೂರ್ತಿಯನ್ನು ಇಂದಿಗೂ ಕಾಣಬಹುದು. ಅವರ ಆಳ್ವಿಕೆಯಲ್ಲಿಯೇ, 1648ರಲ್ಲಿ, ಗೋವಿಂದವೈದ್ಯನು ‘ಕಂಠೀರವ ನರಸರಾಜ ವಿಜಯ’ವನ್ನು ಸಾಂಗತ್ಯದಲ್ಲಿ ರಚಿಸಿ ಪಟ್ಟಣದ ಮಹಾನವಮಿಯ ವೈಭವವನ್ನು ವರ್ಣಿಸಿರುವನು.

ತಿರುಚಿರಾಪಳ್ಳಿಯ ಪ್ರಸಂಗವನ್ನು ಕರ್ನಲ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಹೇಳಿರುವನು. ನಡೆದುದಕ್ಕೂ ಬರೆದುದಕ್ಕೂ ನಡುವೆ ನೂರೆಪ್ಪತ್ತು ವರುಷಗಳಿಗೆ ಕಡಮೆಯಿಲ್ಲದ ಅಂತರವಿರುವುದರಿಂದ, ಅದರಲ್ಲಿ ಇತಿಹಾಸವೆಷ್ಟು, ಜನರ ಬಾಯಿಯಲ್ಲಿ ಬೆಳೆದುದೆಷ್ಟು ಎಂದು ತೂಗಿ ನೋಡುವುದು ವಿದ್ವಾಂಸರ ಕೆಲಸ. ಆದರೆ ಜನರು ಒಂದು ಕಥೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದರೆ, ಅದರಲ್ಲಿ ಅವರಿಗೆ ಬೇಕಾದುದೇನೋ ಇದ್ದಿರಲೇಬೇಕು. ಆ ಜಟ್ಟಿಯು ಯಾರ ಮನೆಯನ್ನೂ ಕೊಳ್ಳೆಹೊಡೆಯಲಿಲ್ಲ. ಯಾರ ಹೊಲವನ್ನೂ ಕಿತ್ತುಕೊಳ್ಳಲಿಲ್ಲ. ಒಂದು ಬಟ್ಟೆಯ ತುಂಡನ್ನು ಬಾಗಿಲಿಗೆ ಕಟ್ಟಿದನು, ಅಷ್ಟೆ. ಸಂತೆಗೆ ಹೋಗುವವರು ತಲೆತಗ್ಗಿಸಿ ನಡೆದರು. ಮೊದಲ ದಿನ ನಾಚಿಕೆಯಾಗಿದ್ದಿತು. ಹತ್ತನೆಯ ದಿನ ಅಭ್ಯಾಸವಾಯಿತು. ವರುಷ ಕಳೆಯುವ ಹೊತ್ತಿಗೆ ಅಲ್ಲಿ ಚಲ್ಲಣವಿರುವುದೇ ಮರೆತುಹೋಗಿದ್ದಿತು. ಅಪಮಾನದ ಅತ್ಯಂತ ಕ್ರೂರವಾದ ರೂಪವು ಇದೇ. ಪೆಟ್ಟಿನ ನೋವು ಎಚ್ಚರಿಸುವುದು. ಅಭ್ಯಾಸವಾದ ಅವಮಾನವು ನಿದ್ದೆ ಬರಿಸುವುದು. ಹೊರಗಿನಿಂದ ಬಂದ ಯುವಕನೊಬ್ಬನ ಕಣ್ಣಿಗೆ ಮಾತ್ರ ಅದು ಬಿದ್ದಿತೆಂಬುದೇ ಈ ಕಥೆಯ ಬೀಜ.

ಚಿತ್ರವನ್ನು ತಯಾರಿಸಿದವರ ಸ್ಥಿತಿಯೂ ಇದಕ್ಕೆ ಸದೃಶವಾಗಿಯೇ ಇದ್ದಿತು. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರರಿಗೆ ಹೆಸರು ಬಂದಿದ್ದಿತಾದರೂ, ಆ ದಶಕದ ಕೊನೆಗೆ ಕನ್ನಡ ಚಿತ್ರಗಳಿಗೆ ಬಂಡವಾಳ ಹೂಡುವವರು ವಿರಳರಾದರು. ಸ್ಟುಡಿಯೋಗಳಲ್ಲಿ ಬಹುಪಾಲು ಮದರಾಸಿನಲ್ಲಿ, ಚಿತ್ರಮಂದಿರಗಳಲ್ಲಿ ಪರಭಾಷೆಯ ಚಿತ್ರಗಳದೇ ಮೇಲುಗೈ. ಕನ್ನಡಕ್ಕೆ ಇಷ್ಟೇ ಸಾಕೆಂದು ಕನ್ನಡಿಗರೇ ಹೇಳತೊಡಗಿದ್ದರು; ಚಲ್ಲಣದ ಅಡಿಯಲ್ಲಿ ನಡೆಯುವುದು ಅಭ್ಯಾಸವಾಗುತ್ತಿದ್ದಿತು ಎಂದರೂ ತಪ್ಪಾಗದು. ಆಗ ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಮುಂತಾದ ಕಲಾವಿದರು ಒಂದುಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡರು. ಊರೂರು ತಿರುಗಿ ನಾಟಕಗಳನ್ನಾಡಿ, ಮತ್ತೊಬ್ಬರ ಬಾಗಿಲಿನಲ್ಲಿ ಅವಕಾಶಕ್ಕಾಗಿ ನಿಲ್ಲುವುದನ್ನು ಬಿಟ್ಟು, ತಾವೇ ಚಿತ್ರವನ್ನು ತಯಾರಿಸಿದರು. ಆ ಚಿತ್ರವೇ ‘ರಣಧೀರ ಕಂಠೀರವ’. ನಿರ್ದೇಶನ ಎನ್. ಸಿ. ರಾಜನ್ ಅವರದು, ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಚಿತ್ರವು ಸೋತಿದ್ದರೆ ಅವರೆಲ್ಲರ ಬದುಕೂ ಅದರೊಡನೆ ಮುಳುಗುತ್ತಿದ್ದಿತು. ಗೆದ್ದುದರಿಂದ ಕನ್ನಡ ಚಿತ್ರರಂಗಕ್ಕೆ ಒಂದು ಧೈರ್ಯ ಬಂದಿತು. ಯಾವ ಕಥೆಯನ್ನು ಆರಿಸಬೇಕೆಂಬುದರಲ್ಲಿ ಆ ಕಲಾವಿದರಿಗೆ ತಿರುಚಿರಾಪಳ್ಳಿಯ ಬಾಗಿಲು ಕಣ್ಣಿಗೆ ಕಟ್ಟಿದ್ದರೆ ಅದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ.

ದೋಷಗಳಿಲ್ಲವೇ? ಇವೆ. ಮಾತುಗಳು ಕಂಪನಿ ನಾಟಕದ ಧಾಟಿಯವು. ಒಬ್ಬರು ಮಾತನಾಡುವಾಗ ಉಳಿದವರು ಸಾಲಾಗಿ ನಿಂತು ಕೇಳುವರು. ಕಪ್ಪು ಬಿಳುಪಿನ ಆ ತೆರೆಯ ಮೇಲೆ, ಇಂದಿನ ಚಿತ್ರಗಳಲ್ಲಿ ಯಂತ್ರಗಳ ನೆರವಿನಿಂದ ತೋರಿಸುವ ಹಾರಾಟ ಕುಣಿದಾಟಗಳು ಇಲ್ಲ. ಆದರೆ ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ನಟನಿಗೆ ನಿಲ್ಲುವುದು ಗೊತ್ತು. ಕಾಳಗಕ್ಕೆ ಮೊದಲು ನಿಲ್ಲುವ ನಿಲುವಿನಲ್ಲಿಯೇ ಅರ್ಧ ಕಾಳಗವು ಮುಗಿದಂತೆ ನೋಡುವವನಿಗೆ ಅನಿಸಬೇಕು. ರಾಜಕುಮಾರರಲ್ಲಿ ಅದು ಅನಿಸುವುದು.

ಇಲ್ಲಿ ಭರತಮುನಿಯ ಮಾತನ್ನು ನೆನೆಯುವುದು ಉಚಿತ. ನಾಟ್ಯಶಾಸ್ತ್ರವು ಯುದ್ಧ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದಿಂದ ಸೂಚಿಸಬೇಕೆಂದು ವಿಧಿಸುವುದು. ಆದರೆ ಅದೇ ಶಾಸ್ತ್ರದಲ್ಲಿ ಆಯುಧಗಳನ್ನು ಹಿಡಿದು ಚಲಿಸುವ ಕ್ರಮಕ್ಕೆ ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕ ಎಂಬ ನಾಲ್ಕು ನ್ಯಾಯಗಳನ್ನು ಹೇಳಿದೆ. ನಟನು ಮೈಗೆ ಎಣ್ಣೆ ತಿಕ್ಕಿಸಿಕೊಂಡು ವ್ಯಾಯಾಮ ಮಾಡಬೇಕೆಂದೂ ಹೇಳಿದೆ. ರಂಗದ ಮೇಲೆ ಆಯುಧವು ನಿಜವಾಗಿ ಕಡಿಯಕೂಡದು, ತಿವಿಯಕೂಡದು, ರಕ್ತ ಸುರಿಯಕೂಡದು ಎಂಬುದು ಅದರ ನಿಯಮ. ಕಾಳಗವನ್ನು ತೋರಿಸುವ ವಿದ್ಯೆಯನ್ನು ಕಲಿಸಿಯೂ ರಕ್ತವನ್ನು ನಿಷೇಧಿಸಿದುದರ ಮರ್ಮವೇನು? ಪ್ರೇಕ್ಷಕನ ಮನಸ್ಸು ಪೆಟ್ಟಿನ ಮೇಲೆ ನಿಲ್ಲದೆ, ಪೆಟ್ಟಿನ ಹಿಂದಿರುವ ಭಾವದ ಮೇಲೆ ನಿಲ್ಲಬೇಕೆಂಬುದೇ ಅಲ್ಲವೇ?

ಆ ಭಾವವು ಎರಡು ವಿಧ. ವೀರರಸಕ್ಕೆ ಸ್ಥಾಯಿಯು ಉತ್ಸಾಹ. ರೌದ್ರಕ್ಕೆ ಸ್ಥಾಯಿಯು ಕ್ರೋಧ. ಎರಡರಲ್ಲಿಯೂ ಕೈ ಎತ್ತುವುದು ಒಂದೇ. ಕಣ್ಣು ಮಾತ್ರ ಬೇರೆ. ಉತ್ಸಾಹಿಯು ಕೆಲಸ ಮುಗಿಯುತ್ತಲೇ ಕೈ ಇಳಿಸುವನು. ಕ್ರುದ್ಧನಿಗೆ ಕೆಲಸ ಮುಗಿದುದೇ ಕಾಣದು. ಈಗಿನ ಕಾಳಗದ ಚಿತ್ರಗಳಲ್ಲಿ ಬಹುಪಾಲು ರೌದ್ರವನ್ನೇ ವೀರವೆಂದು ಮಾರುವುವು. ಕಂಠೀರವನ ಕಥೆಯಲ್ಲಿ ಜಟ್ಟಿಯ ಮೇಲೆ ನಾಯಕನಿಗೆ ಸ್ವಂತದ ಹಗೆಯಿಲ್ಲ. ಕಳೆದುಕೊಂಡ ಒಡವೆಯಿಲ್ಲ, ತೀರಿಸಬೇಕಾದ ಸೇಡಿಲ್ಲ. ಹೋಗದೆ ತೆರಕಣಾಂಬಿಯಲ್ಲಿಯೇ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೋದನು, ಗೆದ್ದನು, ಹಿಂದಿರುಗಿದನು. ಗೆದ್ದವನು ತನ್ನ ಚಲ್ಲಣವನ್ನು ಅದೇ ಬಾಗಿಲಿಗೆ ಕಟ್ಟಿದ್ದರೆ ಕಥೆಯು ಅಲ್ಲಿಗೇ ಕೆಟ್ಟುಹೋಗುತ್ತಿದ್ದಿತು.

ವೇಷ ಮರೆಸಿಕೊಂಡು ಹೋಗುವುದು ಕ್ಷತ್ರಿಯನಿಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಮಹಾಭಾರತದ ಸಭಾಪರ್ವದಲ್ಲಿ ಕೃಷ್ಣ ಭೀಮಾರ್ಜುನರು ಸ್ನಾತಕರ ವೇಷದಿಂದ ಮಗಧಕ್ಕೆ ಹೋದರು. ಆದರೆ ಜರಾಸಂಧನು ಕೇಳಿದೊಡನೆ ತಾವಾರೆಂದು ಹೇಳಿ, ಯಾರೊಡನೆ ಸೆಣಸುವೆಯೆಂದು ಆಯ್ಕೆಯನ್ನು ಅವನಿಗೇ ಬಿಟ್ಟರು. ವೇಷವು ಬಾಗಿಲನ್ನು ದಾಟುವುದಕ್ಕೆ; ಕಾಳಗವು ಮುಖಾಮುಖಿ. ದೂರದ ಜಪಾನಿನಲ್ಲಿಯೂ ಈ ಧರ್ಮವನ್ನು ಬಲ್ಲವರಿದ್ದರು. ಅಕಿರ ಕುರೊಸಾವನ 1954ರ ‘ಏಳು ಮಂದಿ ಸಮುರಾಯಿಗಳು’ ಎಂಬ ಪ್ರಸಿದ್ಧ ಚಿತ್ರದಲ್ಲಿ ವೃದ್ಧಯೋಧನೊಬ್ಬನು, ಕಳ್ಳನ ಕೈಗೆ ಸಿಕ್ಕಿದ ಮಗುವನ್ನು ಬಿಡಿಸುವುದಕ್ಕಾಗಿ, ಯೋಧನಿಗೆ ಪ್ರಾಣಪ್ರಾಯವಾದ ತನ್ನ ಜುಟ್ಟನ್ನೇ ಬೋಳಿಸಿಕೊಂಡು ಸನ್ಯಾಸಿಯ ವೇಷವನ್ನು ಧರಿಸುವನು. ಅದನ್ನು ಕಂಡ ಹಳ್ಳಿಗರು, ನಮ್ಮನ್ನು ಕಾಯತಕ್ಕವನು ಇವನೇ ಎಂದು ನಿಶ್ಚಯಿಸುವರು. ಅವನು ಕತ್ತಿಯಲ್ಲಿ ಎಷ್ಟು ನಿಪುಣನೆಂಬುದಕ್ಕಿಂತ, ಮತ್ತೊಬ್ಬರ ಮಗುವಿಗಾಗಿ ತನ್ನ ಹೆಮ್ಮೆಯನ್ನು ಕ್ಷೌರಿಕನ ಕತ್ತಿಗೆ ಒಪ್ಪಿಸಿದನೆಂಬುದು ಅವರ ಮನಸ್ಸನ್ನು ಗೆದ್ದಿತು.

ಇಷ್ಟಾದರೂ ಮುಖ್ಯವಾದ ಆಕ್ಷೇಪವು ಉಳಿದೇ ಇದೆ. ಇಂತಹ ಚಿತ್ರಗಳನ್ನು ನೋಡಿ ಮಕ್ಕಳು ಜಗಳಗಂಟರಾಗುವರೆಂದು ತಾಯಂದಿರು ಹೇಳುವುದು ಸುಳ್ಳಲ್ಲ. ಕವಲಂದೆಯ ಒಂದು ಮನೆಯಲ್ಲಿ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಆ ಮನೆಯ ಹಿರಿಯರು ಯೌವನದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ‘ರಣಧೀರ ಕಂಠೀರವ’ವನ್ನು ಡೇರೆಯ ಸಿನಿಮಾದಲ್ಲಿ ನೆಲದ ಮೇಲೆ ಕುಳಿತು ಎಷ್ಟು ಸಲ ನೋಡಿದರೆಂಬುದಕ್ಕೆ ಲೆಕ್ಕವಿಲ್ಲ. ಹೈಸ್ಕೂಲಿನಲ್ಲಿ ಓದುವ ಮೊಮ್ಮಗನಿಗೂ ಅದನ್ನು ಫೋನಿನಲ್ಲಿ ತೋರಿಸಿದ್ದರು. ಹುಡುಗನು ಕರಾಟೆಯನ್ನು ಕಲಿಯುತ್ತಿದ್ದನು. ಒಂದು ದಿನ ಶಾಲೆಯಲ್ಲಿ ಚಿಕ್ಕ ತರಗತಿಯ ಹುಡುಗನೊಬ್ಬನು ಅವನ ತಂದೆಯ ಕಸುಬನ್ನು ಆಡಿಕೊಂಡನೆಂದು, ಮೂಗಿನಲ್ಲಿ ರಕ್ತ ಬರುವಂತೆ ಹೊಡೆದು ಬಂದನು. ಸೊಸೆಯು, “ಎಲ್ಲ ನೀವು ತೋರಿಸಿದ ಸಿನಿಮಾದ ಫಲ, ಮಾವ” ಎಂದಳು. ಹುಡುಗನಿಗೆ ಲವಲೇಶವೂ ಪಶ್ಚಾತ್ತಾಪವಿರಲಿಲ್ಲ.

“ಕಂಠೀರವ ಮಾಡಿದ್ದನ್ನೇ ನಾನೂ ಮಾಡಿದೆ, ತಾತ. ಅವಮಾನ ಮಾಡಿದವನನ್ನು ಸುಮ್ಮನೆ ಬಿಡಬೇಕಾಗಿತ್ತೇ?” ಎಂದನು.

ಹಿರಿಯರು ಸ್ವಲ್ಪ ಹೊತ್ತು ಎಲೆಯಡಿಕೆಯನ್ನು ಮೆಲ್ಲುತ್ತಿದ್ದು, “ತಿರುಚಿರಾಪಳ್ಳಿಯ ಜಟ್ಟಿ ಕಂಠೀರವನಿಗಿಂತ ಸಣ್ಣವನೋ ದೊಡ್ಡವನೋ?” ಎಂದು ಕೇಳಿದರು.

“ದೊಡ್ಡವನು.”

“ನೀನು ಹೊಡೆದವನು?”

ಹುಡುಗನು ಮಾತನಾಡಲಿಲ್ಲ.

“ಗರಡಿಯಲ್ಲಿ ಮೊದಲು ಜೋಡಿ ನೋಡುತ್ತಾರಪ್ಪ. ಮೈಗೆ ಮೈ, ವಯಸ್ಸಿಗೆ ವಯಸ್ಸು. ಅವನು ನಿನಗೆ ಜೋಡಿಯೇ? ಹೋಗಲಿ, ಹೊಡೆದ ಮೇಲೆ ಏನು ಮಾಡಿದೆ?”

“ಎಲ್ಲರಿಗೂ ಹೇಳಿದೆ, ಇನ್ನು ಮೇಲೆ ಯಾರೂ ನನ್ನ ತಂಟೆಗೆ ಬರಬಾರದು ಎಂದು.”

“ಹಾಗಾದರೆ ಶಾಲೆಯ ಬಾಗಿಲಿಗೆ ಈಗ ಚಲ್ಲಣ ಕಟ್ಟಿದವನು ನೀನೇ, ಮಗು” ಎಂದರು ಹಿರಿಯರು.

ಮಾರನೆಯ ದಿನ ಹುಡುಗನು ಪೆಟ್ಟು ತಿಂದವನ ಮನೆಗೆ ಒಬ್ಬನೇ ಹೋಗಿ ಬಂದನು. ಅಲ್ಲಿ ಏನು ನಡೆಯಿತೆಂದು ಮನೆಯವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜೋಡಿಯೆಂಬ ಆ ಒಂದು ಮಾತಿನಲ್ಲಿ ಮಲ್ಲವಿದ್ಯೆಯ ಧರ್ಮವೆಲ್ಲವೂ ಅಡಗಿದೆ. ಭಾಗವತದ ದಶಮಸ್ಕಂಧದಲ್ಲಿ, ಬಾಲರಾದ ರಾಮಕೃಷ್ಣರನ್ನು ಚಾಣೂರ ಮುಷ್ಟಿಕರ ಮುಂದೆ ನಿಲ್ಲಿಸಿದಾಗ ಮಥುರೆಯ ಹೆಂಗಸರು ಮರುಗುವರು. ಬೆಟ್ಟದಂತಹ ಜಟ್ಟಿಗಳಿಗೂ ಎಳೆಯ ಮಕ್ಕಳಿಗೂ ಕಾಳಗವೇ? ಇಂತಹ ಅಧರ್ಮವನ್ನು ನೋಡುತ್ತ ಕುಳಿತ ಸಭೆಗೂ ಪಾಪ ತಟ್ಟದಿರದು ಎಂಬುದು ಅವರ ಮಾತಿನ ತಾತ್ಪರ್ಯ. ನೋಡುವವನೂ ಹೊಣೆಗಾರನೆಂದು ಹೇಳಿದ ಆ ಹೆಂಗಸರ ಮಾತು ಇಂದಿನ ಚಿತ್ರಪ್ರೇಕ್ಷಕನಿಗೂ ಸಲ್ಲುವುದು. ಜೋಡಿಯಿಲ್ಲದ ಕಾಳಗವನ್ನು ಕಂಡು ಚಪ್ಪಾಳೆ ತಟ್ಟುವವನ ಅಭಿರುಚಿಯು ಕೆಟ್ಟಿದೆಯೆಂದೇ ಹೇಳಬೇಕು. ಅದಕ್ಕೆ ಚಿತ್ರವನ್ನೊಂದನ್ನೇ ದೂರುವುದು ನ್ಯಾಯವಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಶಾಸ್ತ್ರವೂ ಉಂಟು, ಸಂಪ್ರದಾಯವೂ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿರುವನು. ವರ್ಗವಿಲ್ಲದೆ ಜೋಡಿಯಿಲ್ಲ, ಜೋಡಿಯಿಲ್ಲದೆ ವಿನೋದವಿಲ್ಲ. ಮೈಸೂರಿನ ದಸರೆಯಲ್ಲಿ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಪದ್ಧತಿಯು ಈಗಲೂ ನಡೆದುಬಂದಿದೆ. ವಿಜಯದಶಮಿಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವು ಇನ್ನೂ ಅರ್ಥವತ್ತಾದುದು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಬರುವ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ವಜ್ರನಖವನ್ನು ಧರಿಸಿ, ದೇವರಿಗೆ ಕೈಮುಗಿದು ಕಣಕ್ಕಿಳಿಯುವರು. ಒಬ್ಬನ ತಲೆಯಿಂದ ಮೊದಲ ರಕ್ತದ ಹನಿ ಕಾಣುತ್ತಲೇ ಕಾಳಗವು ನಿಲ್ಲಬೇಕು. ಇಬ್ಬರಲ್ಲಿ ಯಾರಿಗೂ ಎರಡನೆಯ ಪೆಟ್ಟಿಗೆ ಅಧಿಕಾರವಿಲ್ಲ. ಭರತಮುನಿಯು ರಂಗದಲ್ಲಿ ರಕ್ತವೇ ಬೇಡವೆಂದನು. ಈ ಸಂಪ್ರದಾಯವು ಒಂದು ಹನಿಗೆ ಎಲ್ಲೆ ಕಟ್ಟಿತು. ಎರಡರ ಉದ್ದೇಶವೂ ಒಂದೇ: ಬಲಕ್ಕೆ ಬೇಲಿ.

ಗರಡಿಯ ನಿತ್ಯದ ಬದುಕಿನಲ್ಲಿಯೂ ಈ ಬೇಲಿಯನ್ನು ಕಾಣಬಹುದು. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಅರಿಸಿನಗಳನ್ನು ಬೆರೆಸಿ ಹದ ಮಾಡಿದ ಅಂಕಣ, ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಗದೆ. ಹೊಸದಾಗಿ ಬಂದ ಹುಡುಗನು ಮೊದಲ ದಿನವೇ ಪಟ್ಟು ಕಲಿಯುವುದಿಲ್ಲ. ಮಣ್ಣನ್ನು ಅಗೆದು ಸಡಿಲ ಮಾಡುವನು. ಹಿರಿಯರ ಮೈಗೆ ಎಣ್ಣೆ ಹಚ್ಚುವನು. ದಂಡೆ ಬಸ್ಕಿಗಳನ್ನು ಹೊಡೆದು ಬೆವರುವನು. ಬೀಳಿಸುವುದಕ್ಕಿಂತ ಮೊದಲು ಬೀಳುವುದನ್ನು ಕಲಿಯಬೇಕು. ಬಿದ್ದವನ ಬೆನ್ನಿನ ಮಣ್ಣನ್ನು ಗೆದ್ದವನೇ ಒರಸುವುದು ಅಲ್ಲಿಯ ಮರ್ಯಾದೆ. ಹಳ್ಳಿಗಳಲ್ಲಿ ಅನೇಕ ಗರಡಿಗಳ ಬಾಗಿಲು ಈಗ ಮುಚ್ಚಿದೆ; ಕೆಲವು ಗೋದಾಮುಗಳಾಗಿವೆ. ಹುಡುಗರು ಪಟ್ಟುಗಳನ್ನು ಚಿತ್ರಗಳಿಂದ ಕಲಿಯುವರು. ಆದರೆ ಮಣ್ಣು ಒರಸುವುದನ್ನು ಚಿತ್ರವು ಕಲಿಸಲಾರದು. ಕಾಳಗದ ಚಿತ್ರಗಳಿಂದ ಆಗುವ ಹಾನಿಯು ನಿಜವಾಗಿ ಹುಟ್ಟುವುದು ಇಲ್ಲಿ. ಚಿತ್ರವು ಉತ್ಸಾಹವನ್ನು ಎಬ್ಬಿಸುವುದು. ಆ ಉತ್ಸಾಹವನ್ನು ಹದಗೊಳಿಸುವ ಮಣ್ಣು ಊರಿನಲ್ಲಿ ಇಲ್ಲದಿದ್ದರೆ ಅದು ಕ್ರೋಧವಾಗಿ ಹುಳಿಯುವುದು.

ಜಿ. ವಿ. ಅಯ್ಯರ್ ಅವರು ‘ರಣಧೀರ ಕಂಠೀರವ’ವಾಗಿ ಇಪ್ಪತ್ತಮೂರು ವರುಷಗಳ ತರುವಾಯ, 1983ರಲ್ಲಿ, ಸಂಸ್ಕೃತ ಭಾಷೆಯ ಮೊದಲ ಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದರು. ಕತ್ತಿ ಹಿಡಿದ ಅರಸನ ಕಥೆಯಿಂದ ದಂಡ ಹಿಡಿದ ಸನ್ಯಾಸಿಯ ಕಥೆಗೆ ನಡೆದ ಆ ದಾರಿಯು ವಿಚಿತ್ರವೆಂದು ತೋರಬಹುದು. ಆದರೆ ಎರಡರಲ್ಲಿಯೂ ನಾಯಕನು ಊರಿಂದೂರಿಗೆ ನಡೆದು ವಾದಕ್ಕೆ ಕರೆದವರೊಡನೆ ಸಮನಾಗಿ ನಿಲ್ಲುವನು, ಗೆದ್ದು ಮುಂದಕ್ಕೆ ಹೋಗುವನು. ಮೈಸೂರು ಅರಮನೆಯ ಆಯುಧಗಳಲ್ಲಿ ಕಂಠೀರವರು ಸೊಂಟಕ್ಕೆ ಪಟ್ಟಿಯಂತೆ ಸುತ್ತಿಕೊಳ್ಳುತ್ತಿದ್ದರೆಂದು ಹೇಳುವ ಬಾಗುವ ಖಡ್ಗವೊಂದುಂಟು.  ನೋಡುವವರ ಕಣ್ಣಿಗೆ ಅದು ಬರಿಯ ನಡುಕಟ್ಟು. ಬಲವಿರುವವರ ಬಲವೂ ಹಾಗೆಯೇ ಇರತಕ್ಕದ್ದು. ಮಕ್ಕಳಿಗೆ ಕಾಳಗದ ಚಿತ್ರವನ್ನು ತೋರಿಸಬೇಕೇ ಬೇಡವೇ ಎಂದು ಚಿಂತಿಸುವ ತಾಯಿತಂದೆಗಳು ಈ ಚಿತ್ರವನ್ನು ಅವಶ್ಯವಾಗಿ ತೋರಿಸಲಿ. ಜೊತೆಯಲ್ಲಿ ತಾವೂ ಕುಳಿತು ನೋಡಲಿ. ಮುಗಿದ ಮೇಲೆ, ನಮ್ಮ ಊರಬಾಗಿಲಿನಲ್ಲಿ ಯಾವ ಚಲ್ಲಣವು ತೂಗುತ್ತಿದೆ, ಅದರ ಅಡಿಯಲ್ಲಿ ನಾವು ಎಷ್ಟು ದಿನಗಳಿಂದ ನಡೆಯುತ್ತಿದ್ದೇವೆ, ಅದನ್ನು ಕಟ್ಟಿದವರಲ್ಲಿ ನಾವೂ ಒಬ್ಬರೇ ಎಂದು ಒಂದು ಗಳಿಗೆ ಮಾತನಾಡಿಕೊಂಡರೆ, ಆ ಕಲಾವಿದರು ಪಟ್ಟ ಶ್ರಮವು ಇನ್ನೊಂದು ತಲೆಮಾರಿಗೆ ಸಾರ್ಥಕವಾಗುವುದು.